ಖಾಲಿ ಟಾಕೀಸಿನಲ್ಲಿ ಟವಲ್ ಹಾಕಿದ ಸೀಟು

ಹಾಸನಕ್ಕೆ ಬಂದ ಮೊದಲನೇ ವಾರದಲ್ಲೇ ಒಂದು ಟವಲ್ಲು ನನ್ನನ್ನು ಸೀಟಿನಿಂದ ಎಬ್ಬಿಸಿತು. ಮನುಷ್ಯರಲ್ಲ ನೋಡ್ರಿ, ಟವಲ್ಲು. ಹೊಳೆನರಸೀಪುರಕ್ಕೆ ಹೋಗುವ ಬಸ್ಸು ಅದು. ನಮ್ಮ ಲ್ಯಾಬಿನ ಡಾಕ್ಟರಿಗೆ ಅಲ್ಲೊಂದು ಸಣ್ಣ ಕ್ಲಿನಿಕ್ ಇದೆ, ಅಲ್ಲಿಂದ ರಕ್ತದ ಸ್ಯಾಂಪಲ್ ತರುವ ಕೆಲಸ ಹೊಸಬಳಾದ ನನ್ನ ಕುತ್ತಿಗೆಗೆ ಬಿದ್ದಿತ್ತು. ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ. ಕಿಟಕಿ ಪಕ್ಕದ ಸೀಟಿನ ಮೇಲೆ ಕೆಂಪಂಚಿನ ಟವಲ್ಲೊಂದು ಬಿದ್ದಿತ್ತು. ಯಾರೋ ಮರೆತು ಇಳಿದಿದ್ದಾರೆಂದು ಅದನ್ನೆತ್ತಿ ಪಕ್ಕಕ್ಕಿಟ್ಟು ಕೂತೆ. ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಕೆಳಗೆ ಟೀ ಗ್ಲಾಸು ಹಿಡಿದು ನಿಂತಿದ್ದ ಒಬ್ಬ ಅಲ್ಲಿಂದಲೇ ಕೂಗಿದ: "ಏನಮ್ಮೋ, ಕಣ್ಣು ಕಾಣಕಿಲ್ವಾ? ಟವಲ್ ಆಕಿಲ್ವಾ ನಾನು? ಏಳು, ಏಳು!"

ನಮ್ಮ ಗದಗಿನ ಕಡೆಗೂ ಸೀಟಿಗೆ ಕರವಸ್ತ್ರ ಹಾಕುತ್ತಾರೆ, ಇಲ್ಲವೆಂದಲ್ಲ. ಆದರೆ ಬಸ್ಸು ತುಂಬಿ, ಜನ ಬಾಗಿಲಿಗೆ ಜೋತುಬಿದ್ದಾಗ. ಖಾಲಿ ಬಸ್ಸಿಗೆ ಯಾರು ಹಾಕುತ್ತಾರೆ? "ಬ್ಯಾರೆ ಸೀಟ ಖಾಲಿ ಅದಾವಲ್ರೀ" ಅಂದೆ. ಅಂದದ್ದೇ ತಪ್ಪಾಯಿತು. ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಎಲೆ ಅಡಿಕೆ ಜಗಿಯುತ್ತಿದ್ದ ಒಬ್ಬ ಅಜ್ಜಿ, "ಟವಲ್ ಬಿದ್ದೈತೆ ಅಂದ್ಮೇಕೆ ಅದು ಅವುಂದೇಯ ಕಣವ್ವ, ಎದ್ಬುಡು" ಎಂದು ತೀರ್ಪು ಕೊಟ್ಟಳು. ಎದ್ದೆ. ಹಿಂದಿನ ಸೀಟಿಗೆ ಹೋಗಿ ಕೂತು ದಾರಿಯುದ್ದಕ್ಕೂ ಆ ಟವಲ್ಲನ್ನೇ ನೋಡುತ್ತಿದ್ದೆ. ಈ ಊರಿನಲ್ಲಿ ಎಲ್ಲ ಜಾಗಕ್ಕೂ ನಾನು ಬರುವ ಮುಂಚೆಯೇ ಯಾರೋ ಟವಲ್ ಹಾಕಿಬಿಟ್ಟಿದ್ದಾರೆ ಅನಿಸಿ ಕಣ್ಣಲ್ಲಿ ನೀರು ಬಂತು.

ನಾನು ಇಷ್ಟು ದೂರ ಯಾಕೆ ಬಂದೆ ಎಂಬುದಕ್ಕೆ ನಮ್ಮ ಓಣಿಯವರು ನೂರೆಂಟು ಕಥೆ ಕಟ್ಟಿದ್ದಾರೆಂದು ಕೇಳಿದ್ದೇನೆ. ಖರೇ ಸಂಗತಿ ಇಷ್ಟೇ. ಅಪ್ಪ ತೀರಿದ ಮೇಲೆ ಅಣ್ಣನ ಮನೆಯಲ್ಲಿದ್ದೆ. ಅಣ್ಣ ಕೆಟ್ಟವನಲ್ಲ, ಅವನ ಹೆಂಡತಿ, ನಮ್ಮ ವೈನಿಯೂ ಕೆಟ್ಟವಳಲ್ಲ. ಆದರೆ ಮದುವೆಯಾಗದೆ ನಲವತ್ತರ ಹತ್ತಿರ ಬಂದ ತಂಗಿ ಮನೆಯಲ್ಲಿದ್ದರೆ, ಬಂದ ನೆಂಟರೆಲ್ಲ ದನಿ ತಗ್ಗಿಸಿ ಮಾತಾಡುತ್ತಾರೆ. ನಾನಿದ್ದರೂ ಆ ಮನೆ ನಡೆಯುತ್ತಿತ್ತು, ಇಲ್ಲದಿದ್ದರೂ ನಡೆಯುತ್ತಿತ್ತು. ಡಿಪ್ಲೊಮಾದಲ್ಲಿ ಜೊತೆಗೆ ಓದಿದ ಗೆಳತಿ, ಹಾಸನದಲ್ಲಿ ಲ್ಯಾಬ್ ಟೆಕ್ನಿಶಿಯನ್ ಬೇಕಂತೆ ಅಂದಳು. ಬಂದೆ. ಅವ್ವ ಮಾತ್ರ ಬಾಗಿಲಲ್ಲಿ ನಿಂತು, "ಅಲ್ಲಿ ಒಂದು ಸಣ್ಣ ಮಾತು ಬಂದ್ರೂ ಸುಮ್ಮನ ಹೊಳ್ಳಿ ಬಂದುಬಿಡು. ನಿನ್ನ ಕಡಿಂದ ನಿಂತು ಮಾತಾಡೋರು ಅಲ್ಲಿ ಯಾರೂ ಇಲ್ಲ" ಅಂದಳು. ಹೊಳ್ಳಿ ಹೋದರೆ ಪಡಸಾಲೆಯ ಮೂಲೆಯೇ ಕಾಯಂ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮನೆ ಹುಡುಕುವಾಗ ಎಲ್ಲರೂ ಕೇಳಿದ ಮೊದಲ ಪ್ರಶ್ನೆ, "ಮನೆಯೋರು ಏನ್ಮಾಡ್ತವ್ರೆ?" ಮನೆಯವರು ಅಂದರೆ ಇಲ್ಲಿ ಗಂಡ. ಗಂಡ ಇಲ್ಲ ಅಂದ ಕೂಡಲೇ ಬೀಗದ ಕೈ ಹಿಡಿದ ಕೈ ಹಿಂದಕ್ಕೆ ಹೋಗುತ್ತಿತ್ತು. ಕಡೆಗೆ ಹೂಂ ಅಂದವರು ಜಯಮ್ಮ. ಅರಕಲಗೂಡು ಕಡೆಯ ಬೇಸಾಯಗಾರರ ಮನೆ ಮಗಳು, ಗಂಡ ಹೋದ ಮೇಲೆ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದಾರೆ, ಮೇಲಿನ ಎರಡು ಕೋಣೆ ಬಾಡಿಗೆಗೆ. ಅವರೂ ಸುಮ್ಮನೆ ಹೂಂ ಅನ್ನಲಿಲ್ಲ. "ನೋಡಮ್ಮ, ಒಂಟಿ ಎಂಗ್ಸಿಗೆ ಮನೆ ಕೊಟ್ಟವ್ಳೆ ಅಂತ ನಾಳಿಕ್ಕೆ ಬೀದಿಯೋರು ಬಾಯಿಗೆ ಬಂದಂಗೆ ಆಡ್ಕಬಾರ್ದು. ಮನೆಯಿಂದ ಡ್ಯೂಟಿ, ಡ್ಯೂಟಿಯಿಂದ ಮನೆ. ಅಷ್ಟೇಯ. ಏನಾರ ಮಾತು ಬಂತೋ, ಅವತ್ತೇ ಖಾಲಿ ಮಾಡ್ಬೇಕು." ತಲೆ ಅಲ್ಲಾಡಿಸಿದೆ. ಬೇರೆ ಮನೆ ಸಿಗುವುದಿಲ್ಲ ಎಂಬುದು ಅಷ್ಟರಲ್ಲಿ ಖಾತ್ರಿಯಾಗಿತ್ತು. ಈ ಮನೆ ಹೋದರೆ ಕೆಲಸವೂ ಹೋದಂತೆ, ಗದಗಿನ ಬಸ್ಸೇ ಗತಿ.

ಮೊದಲ ರವಿವಾರ ಡ್ಯೂಟಿಗೆ ಹೋಗುವ ಮುಂಚೆ ರೊಟ್ಟಿ ಬಡಿಯಲು ಕೂತೆ. ನಮ್ಮ ಓಣಿಯಲ್ಲಿ ಬೆಳಗಾದರೆ ಮನೆಮನೆಯಿಂದಲೂ ಪಟಪಟ ಸಪ್ಪಳ, ಆ ಸಪ್ಪಳವಿಲ್ಲದ ಮನೆಯಲ್ಲಿ ಯಾರಿಗೋ ಆರಾಮಿಲ್ಲ ಅಂದುಕೊಳ್ಳುತ್ತೇವೆ. ಇಲ್ಲಿ ಎರಡನೇ ರೊಟ್ಟಿಗೇ ಜಯಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಏನ್ ಒಡೀತಾ ಇದೀಯ? ಗೋಡೆಗೆ ಮೊಳೆ ಒಡೀಬಾರ್ದು ಅಂತ ಯೋಳಿರ್ನಿಲ್ವಾ?" ರೊಟ್ಟಿ ತೋರಿಸಿದೆ. ನಂಬಲಿಲ್ಲ. ನಾಲ್ಕೂ ಗೋಡೆ ನೋಡಿದರು, ಮಂಚದ ಕೆಳಗೆ ಬಗ್ಗಿ ನೋಡಿದರು. ಆಮೇಲೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು "ರಟ್ಟಿದ್ದಂಗೈತೆ" ಎಂದು ಇಳಿದುಹೋದರು. ಅದರ ಮರುವಾರ ಅವರು ಕೊಟ್ಟ ರಾಗಿಮುದ್ದೆಯನ್ನು ನಾನು ಅಗಿದು ತಿಂದದ್ದನ್ನು ಕಂಡು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮುದ್ದೆ ಅಗಿಯಬಾರದಂತೆ, ಸಾರಿನಲ್ಲಿ ಹೊರಳಿಸಿ ನುಂಗಬೇಕಂತೆ. ನನಗೆ ಇವತ್ತಿಗೂ ಬರುವುದಿಲ್ಲ.

ಇನ್ನೊಂದು ಮಾತು, "ಎತ್ಲಾಗೆ?" ಯಾವ ಕಡೆಗೆ ಅಂತ ಅರ್ಥ. ಮೆಟ್ಟಿಲು ಇಳಿದರೆ ಸಾಕು, ಜಯಮ್ಮ ಕೇಳುತ್ತಾರೆ, "ಎತ್ಲಾಗೆ?" ಎದುರು ಮನೆಯವರು ಕೇಳುತ್ತಾರೆ. ಹಾಲಿನ ಅಂಗಡಿಯವನೂ ಕೇಳುತ್ತಾನೆ. ನಮ್ಮ ಕಡೆ "ಊಟ ಆತೇನ್ರೀ?" ಅನ್ನುವಂತೆ ಇಲ್ಲಿನವರ ಬಾಯಿಗೆ ಅದು ಸುಮ್ಮನೆ ಬರುವ ಮಾತು ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಆವರೆಗೆ ಠಾಣೆಯಲ್ಲಿ ನಿಂತವಳಂತೆ ಉತ್ತರ ಕೊಡುತ್ತಿದ್ದೆ: "ಡ್ಯೂಟಿಗ್ರೀ. ಬ್ಯಾರೆ ಎಲ್ಲೂ ಇಲ್ರೀ."

ತೊಂದರೆ ಶುರುವಾದದ್ದು ರಜೆಯಿಂದ. ರವಿವಾರ ಲ್ಯಾಬಿನಲ್ಲಿ ಎಮರ್ಜೆನ್ಸಿ ಡ್ಯೂಟಿ ನನ್ನದೇ, ಅದಕ್ಕೆ ಬದಲಿ ರಜೆ ಮಂಗಳವಾರ. ಊರಿನಲ್ಲಿ ಸಂತೆಯ ದಿನ, ಎಲ್ಲರಿಗೂ ಕೆಲಸ, ನನಗೊಬ್ಬಳಿಗೆ ಇಲ್ಲ. ಕೋಣೆಯಲ್ಲಿ ಕೂತರೆ ಕೆಳಗಿನಿಂದ ಜಯಮ್ಮನ ಕಿವಿ ಮೇಲಕ್ಕೇ ಇರುತ್ತದೆ. ಕುಕ್ಕರು ಕೂಗಿದರೆ ಏನು ಬೇಯಿಸಿದೆ, ಕೂಗದಿದ್ದರೆ ಯಾಕೆ ಬೇಯಿಸಿಲ್ಲ. ಫೋನಿನಲ್ಲಿ ಅವ್ವನ ಜೊತೆ ನಕ್ಕರೆ ಯಾರ ಜೊತೆ ಮಾತು. ತಲೆ ಕೆಟ್ಟು ಒಂದು ಮಂಗಳವಾರ ಡ್ಯೂಟಿಯ ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದೆ. "ಎತ್ಲಾಗೆ?" "ಡ್ಯೂಟಿಗ್ರೀ." ಹೋದದ್ದು ಬಸ್ ಸ್ಟ್ಯಾಂಡಿನ ಆಚೆಯ ಹಳೇ ಟಾಕೀಸಿನ ಬೆಳಗಿನ ಆಟಕ್ಕೆ. ಕತ್ತಲೆ, ತಂಪು, ಎರಡೂವರೆ ತಾಸು ಯಾರೂ ಏನೂ ಕೇಳುವುದಿಲ್ಲ ಎಂಬ ಆಸೆ. ಒಂಟಿ ಹೆಂಗಸು ಹಗಲು ಹೊತ್ತು ಟಾಕೀಸಿನಲ್ಲಿ ಕಂಡಳೆಂದರೆ ಊರ ಬಾಯಿಗೆ ಏನು ಬೇಕಾದರೂ ಬರಬಹುದು. ಗೊತ್ತಿದ್ದೂ ಹೋದೆ.

ಆರೇಳು ನೂರು ಜನ ಕೂರುವ ಟಾಕೀಸು. ಬಾಲ್ಕನಿಗೆ ಬೀಗ. ಕೆಳಗೆ ಅಲ್ಲೊಬ್ಬರು ಇಲ್ಲೊಬ್ಬರು. ನಾನು ಕಡೇ ಸಾಲಿನ ಗೋಡೆಗೆ ಒತ್ತಿ ಕೂತೆ, ಬೆನ್ನ ಹಿಂದೆ ಯಾರೂ ಇರಬಾರದು ನೋಡ್ರಿ. ಮೇಲೆ ತೊಲೆಯಲ್ಲಿ ಪಾರಿವಾಳಗಳ ಸಂಸಾರ, ಆಗಾಗ ಸೆರಗಿನ ಮೇಲೆ ಪ್ರಸಾದ. ಆದರೂ ಜಾಗ ಬದಲಿಸಲಿಲ್ಲ. ಪರದೆಯ ಮೇಲೆ ಯಾರು ಯಾರನ್ನು ಹೊಡೆದರೋ, ಯಾರು ಯಾರನ್ನು ಮದುವೆಯಾದರೋ, ನನಗೆ ನೆನಪಿಲ್ಲ. ನಾನು ನೋಡುತ್ತಿದ್ದದ್ದು ಜನರನ್ನು. ಕೆಲಸದ ದಿನ, ಹಗಲು ಹನ್ನೊಂದು ಗಂಟೆಗೆ, ಇಲ್ಲಿ ಬಂದು ಕೂರುವವರು ಎಂಥವರಿರಬಹುದು? ನಾನಂತೂ ಸುಳ್ಳು ಹೇಳಿ ಬಂದವಳು. ಇವರೆಲ್ಲ?

ಎರಡು ಮೂರು ವಾರದಲ್ಲಿ ಮುಖಗಳು ಗುರುತಾದವು, ಹೆಸರು ನಾನೇ ಇಟ್ಟೆ. ಹೆಲ್ಮೆಟ್ಟಿನವನೊಬ್ಬ. ದೀಪ ಆರುವವರೆಗೂ ಹೆಲ್ಮೆಟ್ ತೆಗೆಯುತ್ತಿರಲಿಲ್ಲ, ಇಂಟರ್‌ವಲ್ಲಿಗೆ ದೀಪ ಹತ್ತಿದ ಕೂಡಲೇ ಮತ್ತೆ ತಲೆಗೇರಿಸುತ್ತಿದ್ದ. ಕಳ್ಳನಲ್ಲದೆ ಇನ್ನೇನು? ಪುಳಿಯೋಗರೆಯವರು ಎಂದು ಇಬ್ಬರು ಹೆಂಗಸರು, ಚನ್ನರಾಯಪಟ್ಟಣದ ಬಸ್ಸಿನಲ್ಲಿ ಬರುವವರು. ಪರದೆಯ ಮೇಲೆ ಹೆಸರು ಬಿದ್ದ ಹತ್ತೇ ನಿಮಿಷಕ್ಕೆ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ, ಟಾಕೀಸಿಗೆಲ್ಲ ಪುಳಿಯೋಗರೆಯ ಘಮ. ತಿನ್ನುತ್ತ ತಿನ್ನುತ್ತ ಹಿಂದೆ ತಿರುಗಿ ನನ್ನನ್ನು ನೋಡಿ ಪಿಸುಗುಟ್ಟುತ್ತಾರೆ. ಮೂಲೆಯಲ್ಲಿ ಒಂದು ಕಾಲೇಜು ಜೋಡಿ. ಅವರ ಮೇಲೆ ಸಂಶಯಪಡುವುದೇನೂ ಇಲ್ಲ, ಅವರು ಯಾಕೆ ಬಂದಿದ್ದಾರೆಂದು ಪಾರಿವಾಳಗಳಿಗೂ ಗೊತ್ತು. ನನ್ನ ಕಡೆ ನೋಡದವರು ಅವರಿಬ್ಬರೇ.

ಎಲ್ಲರಿಗಿಂತ ನನ್ನ ನಿದ್ದೆ ಕೆಡಿಸಿದವನು ಟವಲ್ ಮುದುಕ. ಬಿಳಿ ಅಂಗಿ, ಬಿಳಿ ಪಂಚೆ, ದಪ್ಪ ಮೀಸೆ. ನಡುಸಾಲಿನಲ್ಲಿ ಕೂತು, ಹೆಗಲ ಮೇಲಿನ ಟವಲ್ಲನ್ನು ಪಕ್ಕದ ಸೀಟಿನ ಮೇಲೆ ಹಾಸುತ್ತಾನೆ. ಆರೇಳು ನೂರು ಸೀಟು ಖಾಲಿ ಬಿದ್ದಿರುವ ಟಾಕೀಸಿನಲ್ಲಿ ಸೀಟು ಹಿಡಿಯುವ ಗಂಡಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಯಾರಿಗಾಗಿ? ಆ ಸೀಟಿಗೆ ಯಾರೂ ಬರುವುದಿಲ್ಲ. ಬಸ್ಸಿನ ಟವಲ್ಲು ನೆನಪಾಗಿ ನನ್ನ ಮೈಯೆಲ್ಲ ಉರಿಯಿತು.

ನನ್ನದೊಂದು ಉಪಾಯವಿತ್ತು. ರಸ್ತೆಯಾಚೆ ಎಳನೀರಿನ ಗಾಡಿಯ ಮರೆಯಲ್ಲಿ ನಿಂತು, ಎಲ್ಲರೂ ಒಳಗೆ ಹೋದ ಮೇಲೆ ಕಡೆಯವಳಾಗಿ ಹೋಗುವುದು. ಬೆಳಕಿನಲ್ಲಿ ಯಾರೂ ಮುಖ ನೋಡಬಾರದಲ್ಲ. ಆದರೆ ಈ ಜನ ಒಳಗೇ ಹೋಗುತ್ತಿರಲಿಲ್ಲ! ಆಟದ ಹೊತ್ತು ಮೀರಿದರೂ ಟಾಕೀಸಿನ ಮೆಟ್ಟಿಲ ಮೇಲೆ ಗುಂಪಾಗಿ ನಿಂತು ರಸ್ತೆ ನೋಡುತ್ತಿದ್ದರು. ಅವರು ಹೋಗಲಿ ಎಂದು ನಾನು, ಏನಕ್ಕೋ ಅವರು. ಕಾಲು ನೋಯುವವರೆಗೂ ನಿಂತು ಕಡೆಗೆ ನಾನೇ ರಸ್ತೆ ದಾಟುತ್ತಿದ್ದೆ. ನಾನು ದಾಟಿದ್ದೇ ತಡ, ಟವಲ್ ಮುದುಕ ಟಿಕೆಟ್ ಕಿಂಡಿಯ ಕಡೆ ಕೈ ಎತ್ತಿ, "ಬಂದ್ಲು ಬುಡ್ಲಾ, ಬಂದ್ಲು!" ಅನ್ನುತ್ತಿದ್ದ. ಪುಳಿಯೋಗರೆಯವರು ಮುಸಿಮುಸಿ ನಗುತ್ತಿದ್ದರು. ಹೆಲ್ಮೆಟ್ಟು ಕೂಡ ಅಲ್ಲಾಡುತ್ತಿತ್ತು.

ಬಂದ್ಲು. ಯಾರು ಬಂದಳು? ಇವನ ಹೆಣಾ ಎತ್ತಲಿ, ನನ್ನನ್ನು ಕಾಯಲು ಇವನಾರು? ಹೊಸಬಳು, ಒಂಟಿ, ಬೇರೆ ಸೀಮೆಯ ಮಾತು, ಇಷ್ಟು ಸಾಕಲ್ಲ ಗುಂಪುಕಟ್ಟಿ ನಗಲು. ಒಂದು ದಿನವಂತೂ ಆಟ ಶುರುವಾದ ಮೇಲೆ ಮುದುಕ ಹಿಂದಕ್ಕೆ ತಿರುಗಿ, ಟವಲ್ ಹಾಸಿದ ಸೀಟನ್ನು ತಟ್ಟಿ, "ಬಾ ಇತ್ಲಾಗೆ" ಎಂದು ಕೈಮಾಡಿ ಕರೆದ. ರಕ್ತವೆಲ್ಲ ತಲೆಗೇರಿತು. ಇಂಟರ್‌ವಲ್ಲಿಗೆ ಕಾಯದೆ ಎದ್ದು ಹೊರಗೆ ಬಂದುಬಿಟ್ಟೆ. ನಮ್ಮೂರಲ್ಲಾಗಿದ್ದರೆ ಆ ಟವಲ್ಲನ್ನೇ ಕುತ್ತಿಗೆಗೆ ಸುತ್ತುತ್ತಿದ್ದೆ. ಇಲ್ಲಿ ಬಾಯಿ ಮಾಡಿದರೆ ಸುದ್ದಿ ಜಯಮ್ಮನ ಜಗುಲಿಗೆ ಬರುತ್ತದೆ, ಅದಕ್ಕೇ ನುಂಗಿಕೊಂಡೆ. ಇನ್ನು ಬರುವುದಿಲ್ಲ ಎಂದು ಆಣೆ ಮಾಡಿಕೊಂಡು, ಮರುವಾರ ಮತ್ತೆ ಹೋದೆ. ಕೋಣೆಯಲ್ಲಿ ಕೂತು ಕಿವಿಗಳಿಗೆ ಹೆದರುವುದಕ್ಕಿಂತ ಕಣ್ಣುಗಳಿಗೆ ಹೆದರುವುದೇ ವಾಸಿ ಅನಿಸಿತ್ತು.

ಹೀಗೇ ಒಂದು ಮಂಗಳವಾರ ಆಟ ಬಿಟ್ಟ ಮೇಲೆ ಸಂತೆ ಸುತ್ತಿ ಹೊತ್ತು ಕಳೆದು, ಸಂಜೆ "ಡ್ಯೂಟಿ" ಮುಗಿಸಿ ಮನೆಗೆ ಬಂದರೆ, ಜಯಮ್ಮನ ಜಗುಲಿಯ ಮೇಲೆ ಟವಲ್ ಮುದುಕ ಕೂತಿದ್ದಾನೆ! ಕೈಯಲ್ಲಿ ಕಾಫಿ ಲೋಟ, ಹೆಗಲ ಮೇಲೆ ಅದೇ ಟವಲ್ಲು. ನನ್ನನ್ನು ಕಂಡು ಲೋಟ ಬಾಯಿಯ ಹತ್ತಿರ ಹಾಗೇ ನಿಂತಿತು. ನನ್ನ ಕಾಲೂ ಮೆಟ್ಟಿಲ ಮೇಲೆ ಹಾಗೇ ನಿಂತಿತು.

"ಇವ್ರು ನಮ್ಮಣ್ಣ, ಚಿಕ್ಕೇಗೌಡ್ರು ಅಂತ" ಅಂದರು ಜಯಮ್ಮ. "ಪ್ರತಿ ಮಂಗ್ಳಾರ ಅರಕಲಗೂಡಿಂದ ಬತ್ತಾರೆ. ಮದ್ಯಾನ್ಕೇ ಓಗ್ಬುಡೋರು, ಇವತ್ತು ಬಸ್ಸು ತಪ್ಪೋಯ್ತು. ನೀನು ಡ್ಯೂಟಿ ಮುಗಿಸ್ಕಂಡು ಬಂದ್ಯಾ?"

"ಹೂಂನ್ರೀ" ಅಂದೆ.

"ಓ, ಡ್ಯೂಟಿಯಾ" ಅಂದ ಮುದುಕ, ಕೆಮ್ಮಿ ಕಾಫಿ ಕಡೆ ಮುಖ ಮಾಡಿದ.

ಮೇಲೆ ಬಂದು ಬಾಗಿಲು ಹಾಕಿಕೊಂಡು ನೆಲಕ್ಕೆ ಕಿವಿಯಿಟ್ಟೆ. ಗುಜುಗುಜು ಮಾತು, ನಡುವೆ ಜಯಮ್ಮನ ನಗು. ಮುಗಿಯಿತು ಅಂದುಕೊಂಡೆ. ಆದರೆ ಅವತ್ತು ಜಯಮ್ಮ ಏನೂ ಕೇಳಲಿಲ್ಲ. ಮರುದಿನವೂ ಇಲ್ಲ. ನೇರವಾಗಿ ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. "ಎತ್ಲಾಗೆ?" ಅಂದಾಗಲೆಲ್ಲ ಎಲ್ಲ ಗೊತ್ತಿದ್ದೇ ಕೇಳುತ್ತಿದ್ದಾರೆ ಅನಿಸುತ್ತಿತ್ತು. ಮುಂದಿನ ಎರಡು ಮಂಗಳವಾರ ಟಾಕೀಸಿನ ಕಡೆ ತಲೆ ಹಾಕಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಕಡೆಗೆ ಅವರು ಖಾಲಿ ಮಾಡು ಅನ್ನುವ ಮೊದಲು ನಾನೇ ಹೋಗುವುದು ಮರ್ಯಾದೆ ಎಂದು ಟ್ರಂಕು ತೆಗೆದು ಸೀರೆ ಮಡಚತೊಡಗಿದೆ. ಅವ್ವನಿಗೆ ಫೋನು ಮಾಡಿ "ಹೊಳ್ಳಿ ಬರ್ತೀನವ್ವ" ಅಂದೆ. ಅವ್ವ ಯಾಕೆಂದು ಕೇಳಲಿಲ್ಲ. "ಬಾ" ಅಂದಳು, ಅಷ್ಟೇ. ಆಮೇಲೆ ಎಷ್ಟು ಅತ್ತೆನೆಂದು ನಿಮಗೆ ಹೇಳುವುದಿಲ್ಲ.

ಮೂರನೇ ಮಂಗಳವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಬಾಗಿಲು ತೆರೆದರೆ ಟವಲ್ ಮುದುಕ. ಕೈಯಲ್ಲೊಂದು ಚೀಲ ಅವರೆಕಾಯಿ.

"ಯಾಕ್ರೀ? ಇಲ್ಲಿಗೂ ಬಂದ್ರೇನು?" ಅಂದೆ. ಟ್ರಂಕು ಕಟ್ಟಿದವಳಿಗೆ ಇನ್ನು ಯಾರ ಭಯ!

"ಮೆಲ್ಲಗೆ ಮಾತಾಡವ್ವ, ಕೆಳಗೆ ಅವ್ಳವ್ಳೆ" ಎಂದು ಆತ ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿದರು. "ನಾನೇನೂ ಯೋಳಿಲ್ಲ ಕಣವ್ವ ಜಯಂಗೆ. ನೀನೂ ಯೋಳಿಲ್ಲ ತಾನೆ?"

"ನಾನೇನ್ ಹೇಳ್ಲಿ?"

"ನಾನು ಸಿನ್ಮಾಕ್ಕೆ ಓಗಾದು! ಸರ್ವೆ ಆಫೀಸ್ಗೆ ಓಗ್ತೀನಿ, ಜಮೀನಿನ ಪೋಡಿ ಮಾಡುಸ್ತೀನಿ ಅಂತ ಯೋಳಿವ್ನಿ ಅವ್ಳಿಗೆ. ಈ ವಯಸ್ನಾಗೆ ಸಿನ್ಮಾ ಉಚ್ಚಾ ಅಂತ ಉಗೀತಾಳೆ." ಪೋಡಿ ಅಂದರೆ ಅಣ್ಣತಮ್ಮಂದಿರ ಜಮೀನು ಅಳೆದು ಬೇರೆ ಮಾಡುವುದು. "ಅವತ್ತು ನಿನ್ನ ಇಲ್ಲಿ ನೋಡಿ ನನ್ ಎದೆ ಡಬಡಬ ಅಂದೋಯ್ತು. ಯೋಳ್ಬುಡ್ತಾಳೆ ಅನ್ಕಂಡೆ. ನೀನು ಯೋಳ್ನಿಲ್ಲ, ದೊಡ್ಡೋಳು. ಆದ್ರೆ ಆವಾಗಿಂದ ಯಾಕವ್ವ ಬತ್ತಿಲ್ಲ? ಮೂರು ವಾರದಿಂದ ಸೋ ಬಿಟ್ಟಿಲ್ಲ!"

"ನಾ ಬರೂದಕ್ಕೂ ಶೋ ಬಿಡೂದಕ್ಕೂ ಏನ್ ಸಂಬಂಧ?"

ಆತ ನನ್ನ ಮುಖವನ್ನು ವಿಚಿತ್ರವಾಗಿ ನೋಡಿದರು. "ಅಯ್ಯೋ, ನಿಂಗೊತ್ತಿಲ್ವಾ? ಬೆಳಗಿನ ಆಟಕ್ಕೆ ಅತ್ತು ಟಿಕೀಟು ಆಗ್ನಿಲ್ಲ ಅಂದ್ರೆ ಮಿಸೀನು ಆನ್ ಮಾಡಾಕಿಲ್ಲ ಕಣವ್ವ. ಕರೆಂಟಿಗೂ ಗಿಟ್ಟಕಿಲ್ಲ ಅಂತಾರೆ. ಮಂಗ್ಳಾರ ನಾವು ಇರಾದೇ ಅಷ್ಟು, ಅತ್ತನೇದು ನೀನು. ನೀನೋ, ದಿನಾ ಲೇಟು! ಬತ್ತಾಳೋ ಬರಾಕಿಲ್ವೋ ಅಂತ ಮೆಟ್ಲು ಮೇಲೆ ನಿಂತು ನಿಂತು ಕಾಲು ಸೋತೋಗಾದು."

ಎಳನೀರಿನ ಗಾಡಿಯ ಮರೆಯಲ್ಲಿ ಅವರು ಹೋಗಲೆಂದು ಕಾಯುತ್ತಿದ್ದ ನಾನು, ನಾನು ಬರಲೆಂದು ಮೆಟ್ಟಿಲ ಮೇಲೆ ಕಾಯುತ್ತಿದ್ದ ಅವರು! ನಗಬೇಕೋ ಅಳಬೇಕೋ ತಿಳಿಯದೆ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆದರೂ ನನ್ನ ಸಂಶಯ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. "ಮತ್ತ ಆ ಟವಲ್ಲು? ಸೀಟು ತಟ್ಟಿ ಕರದದ್ದು?"

"ಇಡೀ ಟಾಕೀಸ್ಗೆ ತಿರುಗೋ ಫ್ಯಾನು ಅದೊಂದೇಯ. ನೀನು ನೋಡಿದ್ರೆ ಪಾರಿವಾಳದ ಕೆಳೀಕೆ ಓಗಿ ಕೂತ್ಕತೀಯ. ಪಾಪ, ಸೀರೆಯೆಲ್ಲ ಗಲೀಜು. ಸೀಟು ಇಡ್ಕಂಡಿದ್ದೆ ನಿಂಗೇಂತ." ಆಮೇಲೆ ಮೀಸೆಯೊಳಗೇ ನಕ್ಕರು. "ನಾವೂ ನಿನ್ ಮೇಲೆ ಅನ್ಮಾನ ಪಟ್ಟಿದ್ವಿ ಬುಡು. ಬ್ಯಾಗು ಇಡ್ಕಂಡು, ಇಂದೆ ಕೂತ್ಕಂಡು, ಸಿನ್ಮಾ ಬುಟ್ಟು ನಮ್ಮನ್ನೇ ನೋಡ್ತಿರ್ತೀಯಲ್ಲ. ಟಿಕೀಟು ಚೆಕಿಂಗೋಳು ಅಂತ ಆ ಎಂಗಸ್ರು. ತನ್ ಎಂಡ್ತಿ ಕಳ್ಸಿರೋ ಸಿಐಡಿ ಅಂತ ಎಲ್ಮೆಟ್ನೋನು. ಅದ್ಕೇ ಅವ್ನು ತಲೆಯಿಂದ ಅದ ತೆಗೆಯಾಕಿಲ್ಲ."

"ಯಾವ ಸೋ ಅಣ್ಣಾ?"

ಇಬ್ಬರೂ ತಿರುಗಿದೆವು. ಮೆಟ್ಟಿಲ ನಡುವೆ ಜಯಮ್ಮ, ಸೊಂಟದ ಮೇಲೆ ಕೈ. ಎಷ್ಟು ಹೊತ್ತಿನಿಂದ ನಿಂತಿದ್ದರೋ. "ಸರ್ವೆ ಆಫೀಸ್ನಾಗೆ ಯಾವ ಸೋ ಬಿಡ್ತಾರೆ? ನಾನೂ ನೋಡ್ಬೇಕು."

ಅರವತ್ತು ದಾಟಿದ ಚಿಕ್ಕೇಗೌಡರು ಅವರೆಕಾಯಿ ಚೀಲವನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿದರು. ಜಯಮ್ಮ ಅಣ್ಣನನ್ನು ಬೈದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಆಮೇಲೆ ನನ್ನ ಕೋಣೆಯೊಳಗೆ ಕಣ್ಣು ಹಾಯಿಸಿ ಟ್ರಂಕು ಕಂಡರು.

"ಇದ್ಯಾಕೆ ತೆಗ್ದಿದೀಯ?"

"ನೀವ ಹೇಳಿದ್ರಲ್ರೀ. ಒಂದ್ ಮಾತು ಬಂದ್ರೂ ಖಾಲಿ ಮಾಡ್ಬೇಕು ಅಂತ. ಡ್ಯೂಟಿ, ಮನೀ, ಅಷ್ಟ ಅಂತ."

ಜಯಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅದು ಮನೆ ಕೊಡೋವಾಗ ಎಲ್ರೂ ಯೋಳೋ ಮಾತು ಕಣೇ, ತಿಕ್ಲು ಮುಂಡೇದೆ. ಅಂಗೆ ಯೋಳ್ದೆ ಯಾರಾದ್ರೂ ಮನೆ ಕೊಟ್ಟಾರಾ? ಅದ ಕಟ್ಕಂಡು ನೀನು ಡ್ಯೂಟಿ ಅಂತ ಸುಳ್ಳು ಯೋಳ್ಕಂಡು ಓಡಾಡಾದಾ? ಎತ್ಲಾಗೆ ಅಂದ್ರೆ ಸಿನ್ಮಾಕ್ಕೆ ಅಂದಿದ್ರೆ ನಾನೇನು ನುಂಗ್ಬುಡ್ತಿದ್ನಾ?" ಅಷ್ಟು ಹೇಳಿ ಎರಡು ಮೆಟ್ಟಿಲು ಇಳಿದವರು ಮತ್ತೆ ನಿಂತರು. "ಆದ್ರೂ ಬಿಡಾಕಿಲ್ಲ. ಬರೋ ಮಂಗ್ಳಾರ ನಾನೂ ಬತ್ತೀನಿ. ನಂಗೆ ತಿಳೀದಂಗೆ ಅಲ್ಲಿ ಅದೇನು ನಡೀತೈತೋ ಕಣ್ಣಾರೆ ನೋಡ್ತೀನಿ."

ಬಂದರು. ರೇಷ್ಮೆ ಸೀರೆ ಉಟ್ಟುಕೊಂಡು ಬಂದರು. ನಾನು ಮೊದಲ ಸಲ ಎಳನೀರಿನ ಗಾಡಿಯ ಮರೆಗೆ ಹೋಗದೆ ನೇರವಾಗಿ ಮೆಟ್ಟಿಲು ಹತ್ತಿದೆ, ಪುಳಿಯೋಗರೆಯವರು "ಅಬ್ಬಾ, ಬಂದ್ರಲ್ಲ" ಎಂದು ಕೈಗೆ ಒಂದು ಮುಷ್ಟಿ ಪುಳಿಯೋಗರೆ ಇಟ್ಟರು. ಫ್ಯಾನಿನ ಕೆಳಗೆ, ಟವಲ್ ಎತ್ತಿ ಕೊಟ್ಟ ಸೀಟಿನಲ್ಲಿ ಕೂತೆ. ಜಯಮ್ಮ ಬೇಕೆಂದೇ ನನ್ನ ಹಿಂದಿನ ಸಾಲಿನಲ್ಲಿ ಕೂತು ಪರದೆ ಬಿಟ್ಟು ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದರು. ಇಂಟರ್‌ವಲ್ಲಿನ ಹೊತ್ತಿಗೆ ಗೊರಕೆ ಕೇಳಿಸಿತು. ಹೆಲ್ಮೆಟ್ಟಿನವನು ಅವತ್ತೂ ದೀಪ ಆರುವವರೆಗೆ ಹೆಲ್ಮೆಟ್ ತೆಗೆಯಲಿಲ್ಲ. ಅವನ ಮೇಲಿನ ನನ್ನ ಸಂಶಯ ಈಗಲೂ ಹೋಗಿಲ್ಲ, ಹೆಂಡತಿಗೆ ಹೆದರುವ ಗಂಡಸು ವಾರವಾರವೂ ಯಾಕೆ ಬರುತ್ತಾನೆ ಹೇಳ್ರಿ.

ಇದನ್ನು ನಿಮಗೆ ಬರೆಯುವಂತೆ ಮಾಡಿದ್ದು ಮಾತ್ರ ಈ ಸಲದ ಪಂಚಮಿ. ಹಬ್ಬಕ್ಕೆ ಊರಿಗೆ ಬಂದಿದ್ದೆ. ಪಡಸಾಲೆಯ ಮೂಲೆಯಲ್ಲಿ ನನ್ನ ಮಂಚ ಇರಲಿಲ್ಲ, ಅಲ್ಲಿ ವೈನಿಯ ಹೊಲಿಗೆ ಮಷೀನು ಬಂದಿದೆ. ತಪ್ಪೇನಿಲ್ಲ, ಬೆಳಕು ಚೆನ್ನಾಗಿ ಬರುವ ಜಾಗ ಅದು. ಮಂಗಳವಾರ ಮುಂಜಾನೆ ಅವ್ವ, ವೈನಿ, ನಾನು ಮೂವರೂ ಕೂತು ಶೇಂಗಾ ಉಂಡಿ ಕಟ್ಟುತ್ತಿದ್ದೆವು. ಬೆಲ್ಲ ಹತ್ತಿದ ಕೈ, ಅಷ್ಟರಲ್ಲಿ ಫೋನು. ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

"ಎಲ್ಲಿದೀಯವ್ವ? ಟವಲ್ ಆಕಿವ್ನಿ. ಒಂದು ಟಿಕೀಟು ಕಮ್ಮಿ ಬೀಳ್ತೈತೆ. ಬಾ ಬಿರ್ನೆ."

"ಗದಗಿನಾಗ ಅದೀನ್ರೀ ಗೌಡ್ರೇ. ಹಬ್ಬಕ್ಕ ಬಂದೀನಿ."

ಆ ಕಡೆ ಹಿಂದಿನಿಂದ ಯಾರೋ "ಬತ್ತಾಳಂತಾ?" ಅನ್ನುವುದು ಕೇಳಿಸಿತು. ಆಮೇಲೆ ಚಿಕ್ಕೇಗೌಡರು ಬಹಳ ಯೋಚಿಸಿ ಕೇಳಿದರು, "ಮದ್ಯಾನದ ಆಟಕ್ಕಾದ್ರೂ ಬತ್ತೀಯಾ?"

ಫೋನಿಟ್ಟ ಮೇಲೆ ನೋಡಿದರೆ ಅವ್ವನ ಕೈ ನಿಂತಿತ್ತು. ಕಣ್ಣಲ್ಲಿ ಜಯಮ್ಮನ ಕಣ್ಣಲ್ಲಿದ್ದದ್ದೇ ಸಂಶಯ. "ಯಾರದು? ಗಂಡಸರ ಧ್ವನಿ." ಎಲ್ಲ ಹೇಳಿದೆ. ಟಾಕೀಸು, ಮೆಟ್ಟಿಲು, ಹತ್ತು ಟಿಕೆಟ್ಟು, ಎಲ್ಲ. ಅವರಿಗೆ ಬೇಕಾದದ್ದು ಒಂದು ಟಿಕೆಟ್ಟು, ನಾನಲ್ಲ, ಅದು ನನಗೂ ತಿಳಿಯುತ್ತದೆ ಅಂತಲೂ ಹೇಳಿದೆ. ಅವ್ವ ಉಂಡಿಯನ್ನು ಅಂಗೈಯಲ್ಲಿ ತಿರುಗಿಸುತ್ತ ಕೇಳಿದಳು, "ಅಂದ್ರ ನೀ ಹೋಗದಿದ್ರ ಅಲ್ಲಿ ಆಟ ನಿಲ್ತೈತಿ?"

"ಹೂಂನವ್ವ. ನಿಲ್ತೈತಿ." ಹೇಳುವಾಗ ದನಿಯಲ್ಲಿ ಹೆಮ್ಮೆ ಬಂತು, ಮುಚ್ಚಿಡಲಾಗಲಿಲ್ಲ. ಈ ಮನೆಯಲ್ಲಿ ನಾನಿಲ್ಲವೆಂದು ಯಾವುದೂ ನಿಂತದ್ದಿಲ್ಲ ಎಂಬ ಮಾತೂ ನಾಲಿಗೆಯ ತುದಿಗೆ ಬಂದಿತ್ತು. ಹಬ್ಬದ ದಿನ ಬೇಡವೆಂದು ಇನ್ನೊಂದು ಉಂಡಿ ಕಟ್ಟಿದೆ.

ಊಟವಾದ ಮೇಲೆ ಎಲ್ಲರೂ ಸ್ವಲ್ಪ ಅಡ್ಡಾದರು. ಅವ್ವ ತನ್ನ ಕೌದಿ ಹಾಸಿ, ಅದರ ಪಕ್ಕಕ್ಕೆ ನನ್ನ ಹಳೇ ಕೌದಿಯನ್ನೂ ಹಾಸಿದಳು. ಹೊಲಿಗೆ ಮಷೀನಿನ ಮುಂದೆ ಕೂತಿದ್ದ ವೈನಿ ಸೂಜಿಗೆ ದಾರ ಪೋಣಿಸುತ್ತ, ಮೇಲೆ ನೋಡದೆಯೇ ಅಂದಳು, "ನೀವು ಹೋದಾಗಿನಿಂದ ಅತ್ತೀ ದಿನಾ ಹಿಂಗ ಎರಡು ಹಾಸ್ತಾರ. ಬ್ಯಾಡ್ರೀ, ಮಡಚೋ ಕೆಲಸ ಸುಮ್ಮನ ಅಂದ್ರ ಕೇಳೂದಿಲ್ಲ. ಹುಡುಗರನ್ನೂ ಅದರ ಮ್ಯಾಲ ಮಲಗಾಕ ಬಿಡೂದಿಲ್ಲ."

ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ನಿದ್ದೆ ಬಂದಿರಲಿಲ್ಲ. ನಾನು ಆ ಕೌದಿಯ ಮೇಲೆ ಮಲಗಿದೆ. ಫೋನಿನಲ್ಲಿ ಚಿಕ್ಕೇಗೌಡರ ಮೆಸೇಜು ಬಂದಿತ್ತು, ಯಾರೋ ಬರೆದುಕೊಟ್ಟಿರಬೇಕು: ಇವತ್ತು ಆಟ ಇಲ್ಲ, ಬರುವ ವಾರ ಬಾ. ಬಸ್ಸು ಆ ರಾತ್ರಿಗೇ ಇತ್ತು. ಹೊರಡುವಾಗ ಅವ್ವ ಬಾಗಿಲಿಗೆ ಬಂದು ನಿಂತಳು, ಈ ಸಲ ಹೊಳ್ಳಿ ಬಾ ಅನ್ನಲಿಲ್ಲ. ನಾನೇ ಒಳಗೆ ಹೋಗಿ, ಅವಳು ಮಡಚಿಟ್ಟಿದ್ದ ನನ್ನ ಕೌದಿಯನ್ನು ತೆಗೆದು ಅವಳ ಹಾಸಿಗೆಯ ಪಕ್ಕಕ್ಕೆ ಹಾಸಿ ಬಂದೆ.